ನಡುನೋವಿಗೆ ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ: ರಮಾಜ್ಜಿನಿ ಕಲಿಸಿದ ಪಾಠ

ರಬಕವಿ-ಬನಹಟ್ಟಿಯ ನೇಕಾರರು ಕುಣಿಮಗ್ಗದ ಅಂಚಿಗೆ ಕುಳಿತು, ಕಾಲನ್ನು ಕುಣಿಗೆ ಇಳಿಬಿಟ್ಟು, ಹಾಸಿನ ಮೇಲೆ ಬಾಗಿ ನೇಯುತ್ತಾರೆ. ವಿದ್ಯುತ್ ಮಗ್ಗವಾದರೆ ಗಂಟೆಗಟ್ಟಲೆ ನಿಂತಿರಬೇಕು, ಎಳೆ ಕಡಿದಾಗಲೆಲ್ಲ ಬಗ್ಗಬೇಕು. ಜಮಖಂಡಿ, ಮುಧೋಳದಲ್ಲಿ ಕಬ್ಬು ಕಡಿದು ಹೊರೆ ಹೊರುವ ಕೆಲಸ. ಬೀಳಗಿಯ ಹೊಲಗಳಲ್ಲಿ ಬಗ್ಗಿ ಕಳೆ ತೆಗೆಯುವ ಕೆಲಸ. ಆದರೂ ನಡು ಹಿಡಿದರೆ ನಾವು ವಯಸ್ಸನ್ನೋ ವಾಯುವನ್ನೋ ದೂರುತ್ತೇವೆ. ಕೆಲಸದ ಬಗ್ಗೆ ಕೇಳುವುದೇ ಇಲ್ಲ. ಅದನ್ನು ಕೇಳಲೇಬೇಕೆಂದು 300 ವರ್ಷಗಳ ಹಿಂದೆಯೇ ಹೇಳಿದ ವೈದ್ಯ ಇಟಲಿಯ ಬರ್ನಾರ್ಡಿನೊ ರಮಾಜ್ಜಿನಿ.

ಕಕ್ಕಸು ಗುಂಡಿಯ ಬಳಿ ಹುಟ್ಟಿದ ಪ್ರಶ್ನೆ

ರಮಾಜ್ಜಿನಿ ಹುಟ್ಟಿದ್ದು 1633ರಲ್ಲಿ, ಕಾರ್ಪಿ ಎಂಬ ಊರಿನಲ್ಲಿ. ಪಾರ್ಮಾದಲ್ಲಿ ಓದಿ 1659ರಲ್ಲಿ ವೈದ್ಯರಾದರು. ಮುಂದೆ ಮೊಡೆನಾದಲ್ಲಿ ನೆಲೆಸಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಒಮ್ಮೆ ಅವರ ಮನೆಯ ಕಕ್ಕಸು ಗುಂಡಿ ತೆಗೆಯುತ್ತಿದ್ದ ಕೆಲಸಗಾರ ವಿಪರೀತ ಅವಸರ ಮಾಡುತ್ತಿದ್ದ. ಕಾರಣ ಕೇಳಿದಾಗ, ಒಳಗೆ ಹೆಚ್ಚು ಹೊತ್ತು ಇದ್ದರೆ ಕಣ್ಣೇ ಹೋಗುತ್ತದೆ ಎಂದು ಆತ ತಿಳಿಸಿದ. ಆ ಮಾತು ರಮಾಜ್ಜಿನಿಯವರನ್ನು ಬಿಡಲಿಲ್ಲ. ಅವರು ಕಾರ್ಮಿಕರ ಕೆಲಸದ ಜಾಗಗಳಿಗೇ ಹೋಗಿ, ಅವರನ್ನು ಮಾತನಾಡಿಸಿ, ಕಂಡದ್ದನ್ನು ಬರೆದಿಟ್ಟರು. 1700ರಲ್ಲಿ ಅದು ಲ್ಯಾಟಿನ್ ಪುಸ್ತಕವಾಗಿ ಬಂತು. 40ಕ್ಕೂ ಹೆಚ್ಚು ಕಸುಬುಗಳ ಕಾಯಿಲೆಗಳು ಅದರಲ್ಲಿವೆ.

ನೇಯ್ಗೆಯಲ್ಲಿ ಕೈ, ತೋಳು, ಕಾಲು, ಬೆನ್ನು ಎಲ್ಲವೂ ಒಟ್ಟಿಗೆ ದುಡಿಯುತ್ತವೆ ಎಂದು ಅವರು ಗುರುತಿಸಿದರು. ಸದಾ ಬಾಗಿ ಕೂರುವ ದರ್ಜಿಗಳ ಬೆನ್ನು ಗೂನಾಗುವುದನ್ನೂ ದಾಖಲಿಸಿದರು. ಕೂತು ದುಡಿಯುವವರು ರಜೆಯ ದಿನವಾದರೂ ವ್ಯಾಯಾಮ ಮಾಡಲಿ, ನಿಂತು ದುಡಿಯುವವರು ನಡುನಡುವೆ ಕೂರಲಿ ಅಥವಾ ಓಡಾಡಲಿ ಎಂಬುದು ಅವರ ಸಲಹೆ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ಉದ್ಯೋಗ ಏನೆಂದು ಪ್ರತಿಯೊಬ್ಬ ವೈದ್ಯರೂ ಕೇಳಬೇಕೆಂದರು.

ಅದೇ ವರ್ಷ ಪಾದುವಾ ವಿಶ್ವವಿದ್ಯಾಲಯಕ್ಕೆ ಹೋದರು. ಕೊನೆಗಾಲದಲ್ಲಿ ದೃಷ್ಟಿ ಮಂದವಾದರೂ, 1713ರಲ್ಲಿ ಇನ್ನಷ್ಟು ಕಸುಬುಗಳನ್ನು ಸೇರಿಸಿ ಪುಸ್ತಕವನ್ನು ಮತ್ತೆ ಹೊರತಂದರು. 1714ರಲ್ಲಿ ತೀರಿಕೊಂಡರು. ಇಂದು ಅವರನ್ನು ಔದ್ಯೋಗಿಕ ವೈದ್ಯಶಾಸ್ತ್ರದ ಪಿತಾಮಹ ಎನ್ನುತ್ತಾರೆ.

ಇಂದಿನ ವಿಜ್ಞಾನ ಏನು ಹೇಳುತ್ತದೆ?

ನಡು ಹಿಡಿದರೆ ಹಾಸಿಗೆ ಬಿಟ್ಟೇಳಬಾರದು ಎಂಬ ನಂಬಿಕೆ ನಮ್ಮಲ್ಲಿದೆ. ಇದು ತಪ್ಪು. ಸುಮಾರು 90% ನಡುನೋವಿಗೆ ಸ್ಪಷ್ಟವಾಗಿ ಗುರುತಿಸಬಹುದಾದ ಒಂದೇ ಕಾರಣ ಇರುವುದಿಲ್ಲ. ಹೊಸ ನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಆಗುವಷ್ಟು ಓಡಾಡುತ್ತಿದ್ದರೆ ಚೇತರಿಕೆ ಸುಲಭ. ಎಲ್ಲರಿಗೂ ಎಂಆರ್‌ಐ ಬೇಕಿಲ್ಲ. ದೀರ್ಘಕಾಲದ ನೋವಿಗೆ ನಡುಪಟ್ಟಿಯನ್ನೇ ನೆಚ್ಚಿಕೊಳ್ಳುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ನೋವು ಮರುಕಳಿಸದಂತೆ ತಡೆಯಲು ನಡಿಗೆ ನೆರವಾಗುತ್ತದೆ. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಗುಣಮುಖರಾದ ಮೇಲೆ ಮಾರ್ಗದರ್ಶನದಂತೆ ನಡೆದವರಿಗೆ ನೋವು ಮರಳಲು ಸಾಮಾನ್ಯವಾಗಿ 208 ದಿನ ಹಿಡಿಯಿತು. ಉಳಿದವರಿಗೆ 112 ದಿನ.

ಆದರೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಇದ್ದರೂ, ಬಿದ್ದ ಮೇಲೆ ನೋವು ಶುರುವಾಗಿದ್ದರೂ ವೈದ್ಯರಿಗೆ ತೋರಿಸಿ.

ನೇಯ್ದಷ್ಟಕ್ಕೇ ಕೂಲಿ ಸಿಗುವವರಿಗೆ ಮಗ್ಗ ಬಿಟ್ಟೇಳುವುದು ಸುಲಭವಲ್ಲ ಎಂಬುದು ನಮಗೂ ಗೊತ್ತು. ಆದರೂ ಲಾಳಿಯ ನೂಲು ಬದಲಿಸುವಾಗ ಎದ್ದು ನಾಲ್ಕು ಹೆಜ್ಜೆ ನಡೆಯಬಹುದು. ಕಬ್ಬಿನ ಹೊರೆಯನ್ನು ತುಸು ಚಿಕ್ಕದಾಗಿ ಕಟ್ಟಬಹುದು. ವೈದ್ಯರ ಬಳಿ ಹೋದಾಗ ನಿಮ್ಮ ಕೆಲಸ ಏನು, ದಿನಕ್ಕೆ ಎಷ್ಟು ಗಂಟೆ, ಹೇಗೆ ಕೂರುತ್ತೀರಿ ಎಂಬುದನ್ನು, ಅವರು ಕೇಳದಿದ್ದರೂ, ನೀವೇ ಹೇಳಿ.