ಮಗ ಶತ್ರು ಸೆರೆಯಲ್ಲಿದ್ದರೂ ವಿಶೇಷ ರಿಯಾಯಿತಿ ಒಪ್ಪದ ತಂದೆ: ಫೀಲ್ಡ್ ಮಾರ್ಷಲ್ ಕಾರ್ಯಪ್ಪ

1965ರ ಸೆಪ್ಟೆಂಬರ್ 22. ಭಾರತ-ಪಾಕಿಸ್ತಾನ ಯುದ್ಧದ ಕದನ ವಿರಾಮಕ್ಕೆ ಕೆಲವೇ ಗಂಟೆಗಳು ಬಾಕಿ ಇದ್ದವು. ದಾಳಿಗೆ ತೆರಳಿದ್ದ ಭಾರತೀಯ ವಾಯುಪಡೆಯ ಹಂಟರ್ ವಿಮಾನವೊಂದು ಗಡಿಯಾಚೆ ನೆಲದಿಂದ ಹಾರಿದ ಗುಂಡುಗಳಿಗೆ ಸಿಲುಕಿ ಉರುಳಿತು. ಪ್ಯಾರಾಚೂಟ್‌ನಲ್ಲಿ ಇಳಿದ ಪೈಲಟ್ ಗಾಯಗೊಂಡು ಪಾಕ್ ಸೈನಿಕರ ಕೈಗೆ ಸಿಕ್ಕರು. ಅವರೇ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಮನೆಯವರ ಪಾಲಿಗೆ ನಂದಾ. ಮಡಿಕೇರಿಯಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದ ಜನರಲ್ ಕೆ.ಎಂ. ಕಾರ್ಯಪ್ಪ ಅವರ ಒಬ್ಬನೇ ಮಗ.

ಪಾಕ್ ಅಧ್ಯಕ್ಷ ಅಯೂಬ್ ಖಾನ್ ಜನರಲ್‌ಗೆ ಅಪರಿಚಿತರೇನಲ್ಲ. ದೇಶ ವಿಭಜನೆಗೆ ಮುನ್ನ ಇಬ್ಬರೂ ಒಂದೇ ಸೇನೆಯಲ್ಲಿದ್ದವರು. ನಂದಾ ಕ್ಷೇಮವಾಗಿದ್ದಾರೆ, ಬಯಸಿದರೆ ಬಿಡುಗಡೆ ಮಾಡುತ್ತೇವೆ ಎಂಬ ಸಂದೇಶ ಅಯೂಬ್ ಕಡೆಯಿಂದ ಬಂತು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಲಿ ಎಂದು ತಿಳಿಸಿದರು.

ಈ ಮಾತು ಹೇಳಿದವರು 1899ರ ಜನವರಿ 28ರಂದು ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದವರು. ಓದಿದ್ದು ಮಡಿಕೇರಿ ಹಾಗೂ ಮದ್ರಾಸಿನಲ್ಲಿ. ಇಂದೋರಿನಲ್ಲಿ ತರಬೇತಿ ಪಡೆದು ಸೇನಾಧಿಕಾರಿಯಾದರು. 1933ರಲ್ಲಿ ಕ್ವೆಟ್ಟಾ ಸ್ಟಾಫ್ ಕಾಲೇಜು ಸೇರಿದ ಅವರು ಅಲ್ಲಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ. 1948ರ ಕಾಶ್ಮೀರ ಯುದ್ಧದಲ್ಲಿ ಝೋಜಿ ಲಾ, ದ್ರಾಸ್, ಕಾರ್ಗಿಲ್‌ಗಳನ್ನು ಮರಳಿ ಪಡೆದ ಕಾರ್ಯಾಚರಣೆಗಳು ನಡೆದಾಗ ಪಶ್ಚಿಮ ಭಾಗದ ಸೇನೆಯ ಹೊಣೆ ಅವರದ್ದೇ ಆಗಿತ್ತು. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ಇಂದಿಗೂ ಸೇನಾ ದಿನವಾಗಿ ಆಚರಿಸಲಾಗುತ್ತದೆ.

ಹುದ್ದೆಯಲ್ಲಿ ಏರುತ್ತಾ ಹೋದ ಅವರಿಗೆ ಸಂಸಾರದಲ್ಲಿ ನೋವು ತಪ್ಪಲಿಲ್ಲ. 1937ರಲ್ಲಿ ಮುತ್ತು ಮಾಚಯ್ಯ ಅವರನ್ನು ಮದುವೆಯಾದರು. ನಂದಾ ಮತ್ತು ನಳಿನಿ ಇಬ್ಬರು ಮಕ್ಕಳು. ಕೆಲವು ವರ್ಷಗಳಲ್ಲೇ ದಂಪತಿ ಬೇರೆಯಾದರು. 1948ರಲ್ಲಿ ಮುತ್ತು ಅಪಘಾತದಲ್ಲಿ ತೀರಿಕೊಂಡರು. ಸೇನೆಯ ಅತ್ಯುನ್ನತ ಹುದ್ದೆಗೆ ಬಂದಾಗ ಕಾರ್ಯಪ್ಪ ತಾಯಿಯಿಲ್ಲದ ಇಬ್ಬರು ಮಕ್ಕಳ ತಂದೆಯೂ ಆಗಿದ್ದರು. 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್ ಆಗಿ ಸೇವೆ ಸಲ್ಲಿಸಿ, ಬಳಿಕ ಮಡಿಕೇರಿಯ ರೋಶನಾರಾ ಮನೆಯಲ್ಲಿ ನೆಲೆಸಿದರು.

ಹಾಗೆ ಬೆಳೆಸಿದ ಮಗನಿಗಾಗಿ ಬಂದ ರಿಯಾಯಿತಿಯನ್ನೇ ಅವರು ಬೇಡವೆಂದದ್ದು. ಒಂದು ಮಾತು ಹೇಳಿದ್ದರೆ ಮಗ ಬೇಗ ಮನೆ ಸೇರಬಹುದಿತ್ತು. ಆದರೆ ಅದೇ ಸೆರೆಯಲ್ಲಿದ್ದ ಬೇರೆ ಯೋಧರ ತಂದೆ-ತಾಯಿಗೆ ಅಂಥ ಪರಿಚಯ ಇರಲಿಲ್ಲ. ಸುಮಾರು ನಾಲ್ಕು ತಿಂಗಳ ಬಳಿಕ, 1966ರಲ್ಲಿ ನಂದಾ ತವರಿಗೆ ಮರಳಿದರು. ಮುಂದೆ ಏರ್ ಮಾರ್ಷಲ್ ಹುದ್ದೆಗೂ ಏರಿದರು.

1986ರಲ್ಲಿ ಸರ್ಕಾರ ಕಾರ್ಯಪ್ಪ ಅವರಿಗೆ ಫೀಲ್ಡ್ ಮಾರ್ಷಲ್ ಗೌರವ ನೀಡಿತು. ಸ್ಯಾಮ್ ಮಾಣೆಕ್ ಷಾ ನಂತರ ಆ ಗೌರವ ಪಡೆದವರು ಅವರೊಬ್ಬರೇ. 1993ರ ಮೇ 15ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದ ಅವರ ಅಂತ್ಯಕ್ರಿಯೆ ಮಡಿಕೇರಿಯಲ್ಲೇ ನಡೆಯಿತು. ಸೇನಾ ದಿನ ಬಂದಾಗ ದೇಶ ದಂಡನಾಯಕನನ್ನು ನೆನೆಯುತ್ತದೆ. ಜೊತೆಗೆ ಆ ತಂದೆಯನ್ನೂ ನೆನೆಯಬೇಕು.