ಮನೆಯಲ್ಲಿಯೇ ಇಂಗ್ಲಿಷ್ ಕಲಿತ ರಮಾಬಾಯಿ ರಾನಡೆ

ಇಂಗ್ಲಿಷ್ ಕಲಿಯಬೇಕೆಂಬ ಹಂಬಲವಿದ್ದೂ, ವಯಸ್ಸು ಮೀರಿತು, ಮನೆಗೆಲಸದಿಂದ ಬಿಡುವಿಲ್ಲ, ತರಗತಿಗೆ ಹೋಗುವ ಅನುಕೂಲವಿಲ್ಲ ಎಂದು ಹಿಂಜರಿಯುವ ತಾಯಂದಿರು ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರಿದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬಾರಿ ನಾವು ಶ್ರೀಮತಿ ರಮಾಬಾಯಿ ರಾನಡೆಯವರ ಜೀವನವನ್ನು ಸ್ಮರಿಸುತ್ತಿದ್ದೇವೆ. ಇವರು ನಮ್ಮ ಶರಣ ಪರಂಪರೆಯಲ್ಲಿ ಹುಟ್ಟಿದವರಲ್ಲ; ಮಹಾರಾಷ್ಟ್ರದ ಬ್ರಾಹ್ಮಣ ಮನೆತನದ ಹೆಣ್ಣುಮಗಳು. ಆದರೆ ಹೆಣ್ಣಿಗೂ ಅರಿವಿನ ಅಧಿಕಾರವುಂಟೆಂದು ಸಾರಿದ ಕಲ್ಯಾಣದ ಶರಣರನ್ನು ನಂಬಿ ನಡೆಯುವ ನಮಗೆ, ಆ ಅಧಿಕಾರವನ್ನು ತನ್ನ ಮನೆಯೊಳಗೇ ದಿನದಿನವೂ ಸಂಪಾದಿಸಿಕೊಂಡ ಈ ತಾಯಿ ಪರಕೀಯಳಲ್ಲ.

ರಮಾಬಾಯಿಯವರು 1862ರಲ್ಲಿ ಅಂದಿನ ಸಾತಾರಾ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದಲ್ಲಿ, ಕುರ್ಲೇಕರ ಮನೆತನದಲ್ಲಿ ಜನಿಸಿದರು. ಓದು ಬರಹ ಕಲಿತ ಹೆಣ್ಣು ಬಹುಬೇಗ ಗಂಡನನ್ನು ಕಳೆದುಕೊಳ್ಳುವಳೆಂಬ ಭೀತಿ ಆ ಕಾಲದ ಎಷ್ಟೋ ಕುಲೀನ ಮನೆಗಳಲ್ಲಿ ಬೇರೂರಿತ್ತು. ಆದುದರಿಂದ ಬಾಲಕಿಗೆ ದೇವರ ಪೂಜೆ, ವ್ರತ, ಅಡುಗೆ, ಹಿರಿಯರ ಸೇವೆ ಇವೆಲ್ಲವೂ ತಿಳಿದಿದ್ದವು. ಅಕ್ಷರವೊಂದು ಮಾತ್ರ ತಿಳಿದಿರಲಿಲ್ಲ. 1873ರ ಡಿಸೆಂಬರಿನಲ್ಲಿ, ಹನ್ನೊಂದರ ಪ್ರಾಯದಲ್ಲಿ, ಪುಣೆಯಲ್ಲಿ ನ್ಯಾಯಾಧೀಶರಾಗಿದ್ದ ಮಹಾದೇವ ಗೋವಿಂದ ರಾನಡೆಯವರೊಡನೆ ಆಕೆಯ ವಿವಾಹ ನಡೆಯಿತು. ವರನಿಗೆ ಮೂವತ್ತು ದಾಟಿತ್ತು. ಮೊದಲ ಪತ್ನಿ ತೀರಿಕೊಂಡು ಹೆಚ್ಚು ದಿನಗಳಾಗಿರಲಿಲ್ಲ. ವಿಧವಾ ವಿವಾಹವನ್ನು ಬೆಂಬಲಿಸುತ್ತಿದ್ದ ಮಗನು ವಿಧವೆಯೊಬ್ಬಳನ್ನೇ ಮನೆಗೆ ತಂದಾನೆಂಬ ಅಂಜಿಕೆಯಿಂದ ತಂದೆಯು ಅವಸರದಲ್ಲಿ ಈ ಸಂಬಂಧವನ್ನು ಕೂಡಿಸಿದರು. ಸುಧಾರಕರೆನಿಸಿಕೊಂಡವರು ಎಳೆಯ ಬಾಲಕಿಯ ಕೈ ಹಿಡಿದುದನ್ನು ಅವರ ಸಂಗಡಿಗರೇ ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದುದೆಂದೇ ನಮ್ಮ ಭಾವನೆ. ಮುಂದೆ ನಡೆದುದು ಎಷ್ಟೇ ಒಳ್ಳೆಯದಾಗಿದ್ದರೂ ಇದನ್ನು ಮರೆಮಾಚಿ ಬರೆಯುವುದು ಸರಿಯಲ್ಲ.

ಮದುವೆಯಾದ ಕೂಡಲೇ ರಾನಡೆಯವರು ಪತ್ನಿಯ ಕೈಗೆ ಪಾಟಿ ಬಳಪಗಳನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಬಾಲಕಿ ಮರಾಠಿಯ ಅಕ್ಷರಗಳನ್ನು ಗುರುತಿಸತೊಡಗಿದಳು. ಆಕೆ ಶಾಲೆಗೆ ಹೋಗಲಿಲ್ಲ. ಮನೆಯಲ್ಲಿಯೇ ಪಾಠ ಹೇಳಲು ಶಿಕ್ಷಕಿಯೊಬ್ಬರು ಕೆಲಕಾಲ ಬಂದರು. ಉಳಿದುದೆಲ್ಲವೂ ರಾತ್ರಿ, ಮನೆಗೆಲಸ ಮುಗಿದ ಮೇಲೆ, ಪತಿಯ ಮುಂದೆ. ಮರಾಠಿ ಕೈಗೆ ಹತ್ತಿದ ಬಳಿಕ ಇಂಗ್ಲಿಷಿನ ಮೊದಲ ಪಾಠಗಳು ಆರಂಭವಾದವು.

ಇಲ್ಲಿಂದಲೇ ಕಷ್ಟವೂ ಆರಂಭವಾಯಿತು. ರಾನಡೆಯವರ ಮನೆ ದೊಡ್ಡ ಕೂಡುಕುಟುಂಬ. ಮಲತಾಯಿ, ವಿಧವೆಯಾಗಿ ತವರಿನಲ್ಲಿದ್ದ ಸೋದರಿ, ಇತರ ಬಂಧು ಸ್ತ್ರೀಯರು ಎಲ್ಲರೂ ಒಂದೇ ಸೂರಿನಡಿ ಇದ್ದರು. ದೇವರ ಸ್ತೋತ್ರ ಓದುವಷ್ಟು ಅಕ್ಷರಜ್ಞಾನವಿದ್ದರೆ ಅವರು ಹೇಗೋ ಸಹಿಸುತ್ತಿದ್ದರು. ಆದರೆ ಮ್ಲೇಚ್ಛರ ಭಾಷೆಯನ್ನು ಮನೆಯ ಸೊಸೆ ಬಾಯಿಬಿಟ್ಟು ಓದುವುದೆಂದರೆ ಅವರ ದೃಷ್ಟಿಯಲ್ಲಿ ಗಂಡಸರ ಸರಿಸಮಕ್ಕೆ ನಿಲ್ಲುವ ಉದ್ಧಟತನ. ಹಗಲೆಲ್ಲ ಅಡುಗೆಮನೆಯಲ್ಲಿ, ನಡುಮನೆಯಲ್ಲಿ ಚುಚ್ಚುಮಾತು, ಕುಹಕ, ಒಮ್ಮೊಮ್ಮೆ ಮಾತೇ ಆಡದ ಶಿಕ್ಷೆ. ರಾತ್ರಿ ದೀಪದ ಬೆಳಕಿನಲ್ಲಿ ಪಾಠ. ಗಂಡನ ಮನಸ್ಸಿಗೆ ಒಪ್ಪುವಂತೆ ಓದಿದರೆ ಹೆಂಗಸರ ಕೋಪ. ಹೆಂಗಸರ ಮನಸ್ಸಿಗೆ ಒಪ್ಪುವಂತೆ ಪುಸ್ತಕ ಮುಚ್ಚಿಟ್ಟರೆ ಗಂಡನಿಗೆ ಬೇಸರ. ಬಾಲಕಿಯ ದಿನಗಳು ಈ ಇಕ್ಕಟ್ಟಿನಲ್ಲಿ ಕಳೆದವು.

ತವರಿನಿಂದ ಕಳುಹಿಸುವಾಗ ತಂದೆಯು ಮಗಳಿಗೆ ಒಂದು ಬುದ್ಧಿಮಾತು ಹೇಳಿದ್ದರು. ಎಷ್ಟೇ ಕಷ್ಟವಾದರೂ ಎದುರು ಮಾತಾಡಬಾರದು, ಮನೆಯವರ ದೂರನ್ನು ಗಂಡನ ಕಿವಿಗೆ ಹಾಕಬಾರದು ಎಂಬುದೇ ಅದು. ರಮಾಬಾಯಿಯವರು ಇದನ್ನು ವ್ರತದಂತೆ ಪಾಲಿಸಿದರು. ಪಾಲಿಸಿದುದರಿಂದ ಮನೆ ಒಡೆಯಲಿಲ್ಲ, ಪಾಠವೂ ನಿಲ್ಲಲಿಲ್ಲ. ಆದರೆ ಆ ಮೌನದ ಭಾರವನ್ನು ಹೊತ್ತವಳು ಹದಿಹರೆಯದ ಒಬ್ಬಳು ಹುಡುಗಿ ಎಂಬುದನ್ನು ನಾವು ನೆನೆಯಬೇಕು. ಆಕೆಯ ಸಹನೆಯನ್ನು ಕೊಂಡಾಡುವವರು ಹಲವರು. ನಮಗಾದರೋ, ಪಾಠ ಹೇಳುತ್ತಿದ್ದ ಪತಿಯು ಆ ಮನೆಯ ಹೆಂಗಸರನ್ನೂ ಒಂದು ದಿನ ಕೂರಿಸಿಕೊಂಡು ಮಾತಾಡಿದ್ದರೆ ಚೆನ್ನಾಗಿತ್ತೆನಿಸುತ್ತದೆ. ಹಾಗೆಂದು ಆ ಹೆಂಗಸರನ್ನು ದುಷ್ಟರೆಂದು ತಿಳಿಯಬಾರದು. ಅವರಿಗೆ ಯಾರೂ ಪಾಟಿ ಹಿಡಿಸಿ ಕೂರಿಸಿರಲಿಲ್ಲ. ವೈಧವ್ಯದಲ್ಲಿ ಬದುಕು ಮುಗಿದೇಹೋಯಿತೆಂದು ತಿಳಿದವರ ಕಣ್ಣೆದುರಿಗೆ, ನಿನ್ನೆ ಮೊನ್ನೆ ಬಂದ ಸೊಸೆ ಹೊಸದೊಂದು ಲೋಕಕ್ಕೆ ಕಾಲಿಡುತ್ತಿದ್ದಳು.

1878ರಲ್ಲಿ ರಾನಡೆಯವರಿಗೆ ನಾಶಿಕಕ್ಕೆ ವರ್ಗವಾಯಿತು. ರಮಾಬಾಯಿಯವರಿಗೆ ಇದು ದೊಡ್ಡ ಬಿಡುಗಡೆ. ಬೇರೆ ಮನೆ, ಬೇರೆ ಒಲೆ. ಮನೆಯ ಲೆಕ್ಕಪತ್ರ, ಅಡುಗೆ, ಅತಿಥಿಗಳ ಸತ್ಕಾರ ಇವುಗಳ ನಡುವೆ ಓದಿಗೆ ತಪ್ಪದೆ ಹೊತ್ತು ದೊರೆಯಿತು. ಪತಿಯ ಕಣ್ಣುಗಳು ದುರ್ಬಲವಾಗಿದ್ದುದರಿಂದ ಪತ್ರಿಕೆಗಳನ್ನೂ ಕಾಗದಗಳನ್ನೂ ಓದಿ ಹೇಳುವ ಕೆಲಸ ಕ್ರಮೇಣ ಪತ್ನಿಯ ಪಾಲಿಗೆ ಬಂದಿತು. ಕಲಿಕೆಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಮನಸ್ಸಿನಲ್ಲಿ ಓದುವವನು ತಿಳಿಯದ ಪದವನ್ನು ಹಾರಿಸಿ ಮುಂದೆ ಹೋಗಬಲ್ಲ. ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳುವವರು ಹಾಗೆ ಹಾರಿಸುವಂತಿಲ್ಲ. ಉಚ್ಚಾರ ತಪ್ಪಿದರೆ ಅಲ್ಲಿಯೇ ತಿದ್ದುಪಡಿ, ಅರ್ಥ ತಿಳಿಯದಿದ್ದರೆ ಅಲ್ಲಿಯೇ ಪ್ರಶ್ನೆ. ಪಾಠಕ್ಕೆಂದು ಬೇರೆ ಹೊತ್ತು ತೆಗೆದಿಡಬೇಕಾದ ಅಗತ್ಯವೂ ಕಡಿಮೆಯಾಯಿತು. ಶರಣರ ಮಾತಿನಲ್ಲಿ ಹೇಳುವುದಾದರೆ ಕಲಿಕೆಯು ಇಲ್ಲಿ ಕಾಯಕದೊಳಗೇ ಸೇರಿಹೋಯಿತು.

ಮುಂದೆ ಪುಣೆಗೆ ಮರಳಿದಾಗ ಮಿಸ್ ಹರ್ಫರ್ಡ್ ಎಂಬ ಆಂಗ್ಲ ಮಹಿಳೆ ಮನೆಗೆ ಬಂದು ಇಂಗ್ಲಿಷ್ ಹೇಳಿಕೊಡುವ ಏರ್ಪಾಡಾಯಿತು. ಹಳೆಯ ಕೋಪ ಮತ್ತೆ ಹೆಡೆಯೆತ್ತಿತು. ಪರಧರ್ಮೀಯಳ ಪಕ್ಕದಲ್ಲಿ ಕುಳಿತು ಮೈಲಿಗೆಯಾದ ಸೊಸೆ ಪಾಠ ಮುಗಿದ ಮೇಲೆ ಸ್ನಾನ ಮಾಡಿಯೇ ಒಳಗೆ ಬರಬೇಕೆಂದು ಹಿರಿಯ ಹೆಂಗಸರು ಹಟ ಹಿಡಿದರು. ಒಂದು ಭಾಷೆಯ ನಾಲ್ಕು ಸಾಲು ಕಲಿತುದಕ್ಕೆ ಪ್ರತಿಸಲವೂ ಮೈ ತೊಳೆದುಕೊಳ್ಳಬೇಕಾದ ಈ ಪದ್ಧತಿಯನ್ನು ಓದುವಾಗ, ಸೂತಕ ಮೈಲಿಗೆಗಳನ್ನೇ ಅಲ್ಲಗಳೆದ ಬಸವಾದಿ ಪ್ರಮಥರು ಎಷ್ಟು ದೊಡ್ಡ ಬಿಡುಗಡೆಯನ್ನು ನಮಗೆ ಕೊಟ್ಟುಹೋದರೆಂಬುದು ಹೊಸದಾಗಿ ಮನದಟ್ಟಾಗುತ್ತದೆ.

ಇದೇ ಮಿಸ್ ಹರ್ಫರ್ಡರ ಬಳಿ ಇಂಗ್ಲಿಷ್ ಕಲಿತ ಇನ್ನೊಬ್ಬ ರಮಾಬಾಯಿ ಇದ್ದರು. ಅವರು 1882ರಲ್ಲಿ ಪುಣೆಗೆ ಬಂದ ಪಂಡಿತಾ ರಮಾಬಾಯಿ. ಅವರು ಹುಟ್ಟಿದುದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧ ಕಟ್ಟಿಕೊಂಡು ಆ ಕಾಡಿನಲ್ಲಿ ಆಶ್ರಮ ಮಾಡಿಕೊಂಡಿದ್ದರು. ಸಂಸ್ಕೃತದಲ್ಲಿ ಪಾರಂಗತೆಯಾಗಿದ್ದ ಆ ವಿದುಷಿಯೂ ಇಂಗ್ಲಿಷಿನ ಮುಂದೆ ಹೊಸ ವಿದ್ಯಾರ್ಥಿನಿಯಾಗಿಯೇ ಕುಳಿತರು. ಅವರು ಸ್ಥಾಪಿಸಿದ ಆರ್ಯ ಮಹಿಳಾ ಸಮಾಜದ ಸಭೆಗಳಿಗೆ ರಮಾಬಾಯಿ ರಾನಡೆಯವರು ಹೋಗತೊಡಗಿದರು. ಮನೆಯಲ್ಲಿ ಅದಕ್ಕೂ ಅಸಮಾಧಾನವೇ ಎದುರಾಯಿತು.

1884ರಲ್ಲಿ ಈ ಕಲಿಕೆ ಬಹಿರಂಗ ಪರೀಕ್ಷೆಗೆ ಒಳಗಾಯಿತು. ಆಗ ಹೆಣ್ಣುಮಕ್ಕಳಿಗಾಗಿ ಪುಣೆಯಲ್ಲಿ ಪ್ರೌಢಶಾಲೆಯೊಂದು ಬೇಕೆಂಬ ಪ್ರಯತ್ನ ನಡೆದಿತ್ತು. ಮುಂಬಯಿ ಪ್ರಾಂತದ ಗವರ್ನರ್ ಸರ್ ಜೇಮ್ಸ್ ಫರ್ಗ್ಯುಸನ್ ಅವರ ಸಮ್ಮುಖದಲ್ಲಿ ಇಂಗ್ಲಿಷಿನಲ್ಲಿ ಬಿನ್ನವತ್ತಳೆ ಓದುವ ಹೊಣೆ ರಮಾಬಾಯಿಯವರ ಮೇಲೆ ಬಿದ್ದಿತು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರಗಳೂ ಅಂದು ಅದೇ ಪ್ರಾಂತದಲ್ಲಿದ್ದವು. ಬರಹವನ್ನು ಸಿದ್ಧಪಡಿಸಿದವರು ಪತಿ. ಆದರೆ ತುಂಬಿದ ಸಭೆಯಲ್ಲಿ, ಪುರುಷರ ಎದುರಿಗೆ, ಪರಭಾಷೆಯಲ್ಲಿ ತಡವರಿಸದೆ ಓದಬೇಕಾದವರು ಇಪ್ಪತ್ತೆರಡರ ಆಸುಪಾಸಿನ ಈ ಗೃಹಿಣಿ. ಅವರು ಓದಿದರು. ಆ ವರ್ಷವೇ ಪುಣೆಯ ಹುಜೂರಪಾಗಾದಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆ ತೆರೆಯಿತು. ಸಭೆಯಿಂದ ಮನೆಗೆ ಮರಳಿದವರಿಗೆ ಕಾದಿದ್ದುದು ಮಾತ್ರ ಅಭಿನಂದನೆಯಲ್ಲ, ಎಂದಿಗಿಂತಲೂ ಕಹಿಯಾದ ನುಡಿಗಳು.

ಇಷ್ಟು ಹೊತ್ತು ಪಾಠ ಹೇಳಿದವರ ಬಗೆಗೂ ಒಂದು ಮಾತು ಹೇಳಬೇಕು. ಸರಕಾರದ ಹಣಕಾಸು ಸಮಿತಿಯ ಕೆಲಸಕ್ಕಾಗಿ ರಾನಡೆ ದಂಪತಿಗಳು ಕೆಲಕಾಲ ಕಲ್ಕತ್ತೆಯಲ್ಲಿದ್ದರು. ಅಲ್ಲಿನ ಪತ್ರಿಕೆಗಳನ್ನು ಓದಲು ಬಂಗಾಳಿ ಬೇಕಾಯಿತು. ರಾನಡೆಯವರು ಪುಸ್ತಕಗಳನ್ನು ತರಿಸಿಕೊಂಡು ತಾವೇ ಓದತೊಡಗಿದರು. ಒಂದು ದಿನ ಕೋಣೆಯಲ್ಲಿ ಪತಿ ಯಾರೊಡನೆಯೋ ಪಾಠ ಒಪ್ಪಿಸುತ್ತಿರುವ ಸದ್ದು ರಮಾಬಾಯಿಯವರ ಕಿವಿಗೆ ಬಿದ್ದಿತು. ನೋಡಿದರೆ ಕ್ಷೌರಿಕನು ಮುಖಕ್ಷೌರ ಮಾಡುತ್ತಿದ್ದಾನೆ. ನ್ಯಾಯಾಧೀಶರು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದಾರೆ, ತಪ್ಪಿದ ಉಚ್ಚಾರವನ್ನು ಅವನು ತಿದ್ದುತ್ತಿದ್ದಾನೆ, ತಿಳಿಯದ ಪದಕ್ಕೆ ಅರ್ಥ ಹೇಳುತ್ತಿದ್ದಾನೆ! ರಮಾಬಾಯಿಯವರಿಗೆ ನಗು ತಡೆಯಲಾಗಲಿಲ್ಲ. ಅನಂತರ ಅದೇ ಬಂಗಾಳಿಯನ್ನು ಅವರು ಪತಿಯಿಂದ ಕಲಿತರು. ನಮಗೆ ಈ ಪ್ರಸಂಗ ಬಹಳ ಪ್ರಿಯ. ಬಸವಣ್ಣನವರ ಅತ್ಯಂತ ಆಪ್ತವಲಯದಲ್ಲಿ ಹಡಪದ ಅಪ್ಪಣ್ಣನವರಿದ್ದ ಕಲ್ಯಾಣವನ್ನು ಬಲ್ಲವರಿಗೆ, ಗುರುವಿನ ಕುಲವನ್ನೂ ಕಸುಬನ್ನೂ ಕೇಳದೆ ವಿದ್ಯೆ ಪಡೆಯುವ ಈ ವಿನಯ ಪರಿಚಿತವೇ ಆಗಿದೆ. ಮನೆಯಲ್ಲಿ ಕಲಿಯುವವರಿಗೆ ಅಧ್ಯಾಪಕರಿಲ್ಲವೆಂಬ ಕೊರಗು ಸಾಮಾನ್ಯ; ಬಾಗಿಲಿಗೆ ಬರುವವನೇ ಅಧ್ಯಾಪಕನಾಗಬಲ್ಲನೆಂಬುದು ನಮಗೆ ಹೊಳೆಯುವುದು ಅಪರೂಪ.

1893ರಲ್ಲಿ ರಾನಡೆಯವರು ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. 1901ರ ಜನವರಿಯಲ್ಲಿ ಲಿಂಗೈಕ್ಯರಾದರೆಂದು ನಮ್ಮ ರೂಢಿಯಲ್ಲಿ ಹೇಳುವಂತೆ, ಅವರು ದೇಹವಿಟ್ಟರು. ರಮಾಬಾಯಿಯವರಿಗೆ ಆಗ ಮೂವತ್ತೆಂಟು ವರ್ಷ. ಮಕ್ಕಳಿರಲಿಲ್ಲ. ಅಂದಿನ ಪದ್ಧತಿಯಂತೆ ಮೂಲೆಯೊಂದರಲ್ಲಿ ಜಪಮಾಲೆ ಹಿಡಿದು ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಶೋಕದ ಕೆಲಕಾಲ ಕಳೆದ ಮೇಲೆ ಅವರು ಹೊರಗೆ ಬಂದರು. ಪುಣೆಯ ಸೆರೆಮನೆಯಲ್ಲಿದ್ದ ಸ್ತ್ರೀಯರನ್ನು ಕಂಡು ಮಾತಾಡಿಸಿದರು. 1904ರಲ್ಲಿ ಮುಂಬಯಿಯಲ್ಲಿ ಸೇರಿದ ಭಾರತ ಮಹಿಳಾ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. 1910ರಲ್ಲಿ ತಮ್ಮ ದಾಂಪತ್ಯದ ನೆನಪುಗಳನ್ನು ಮರಾಠಿಯಲ್ಲಿ ಗ್ರಂಥವಾಗಿ ಪ್ರಕಟಿಸಿದರು. ನಾವು ಮೇಲೆ ಹೇಳಿದ ಮನೆಯೊಳಗಿನ ಸಂಗತಿಗಳೆಲ್ಲ ಲೋಕಕ್ಕೆ ತಿಳಿದುದು ಅದರಿಂದಲೇ. ಪತಿಗೆ ಎಂದೂ ಹೇಳದ ನೋವನ್ನು ಅವರು ಆ ಪುಸ್ತಕದಲ್ಲಿ ದ್ವೇಷವಿಲ್ಲದೆ, ಅಲ್ಲಲ್ಲಿ ತೆಳುವಾದ ಹಾಸ್ಯದೊಡನೆ ಬರೆದಿಟ್ಟಿದ್ದಾರೆ.

ಅವರ ಹೆಸರಿನೊಡನೆ ಶಾಶ್ವತವಾಗಿ ನಿಂತಿರುವುದು ಸೇವಾಸದನ. ಮುಂಬಯಿಯಲ್ಲಿ 1908ರಲ್ಲಿ ಆರಂಭವಾದ ಈ ಸಂಸ್ಥೆಯ ಪುಣೆಯ ಶಾಖೆ 1909ರಲ್ಲಿ ಗೋಪಾಳ ಕೃಷ್ಣ ದೇವಧರರ ಸಹಕಾರದಿಂದ ರಮಾಬಾಯಿಯವರ ಮನೆಯಲ್ಲಿಯೇ ಪ್ರಾರಂಭವಾಯಿತು. ಶಾಲೆಗೆ ಹೋಗುವ ವಯಸ್ಸು ದಾಟಿದ ಗೃಹಿಣಿಯರು, ವಿಧವೆಯರು, ಗಂಡನು ಬಿಟ್ಟವರು ಅಲ್ಲಿಗೆ ಬಂದರು. ಕೆಲವರು ಮೊದಲ ಅಕ್ಷರದಿಂದ ತೊಡಗಿದರು. ಕೆಲವರು ಶಿಕ್ಷಕಿಯರಾದರು, ಇನ್ನು ಕೆಲವರು ದಾದಿಯರಾಗಿ ತರಬೇತಿ ಪಡೆದು ಆಸ್ಪತ್ರೆಗಳಿಗೆ ಹೋದರು. ದಾದಿಯ ಕೆಲಸವನ್ನು ಮೈಲಿಗೆಯೆಂದು ತಿಳಿದಿದ್ದ ಮನೆಗಳಿಂದಲೂ ಹೆಣ್ಣುಮಕ್ಕಳು ಬರುವಂತಾದುದು ಸಣ್ಣ ಸಂಗತಿಯಲ್ಲ. ಹುಡುಗಿಯರಿಗೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ರಮಾಬಾಯಿಯವರು ಕೊನೆಯ ವರ್ಷಗಳಲ್ಲಿ ಪುಣೆಯ ಬೀದಿಗಳಲ್ಲಿ ಸ್ತ್ರೀಯರ ಮೆರವಣಿಗೆಯ ಮುಂದೆ ನಡೆದರು. 1924ರಲ್ಲಿ ಅವರು ಕಾಲವಾದರು. ಆ ಹೊತ್ತಿಗೆ, ಹಿಂದೊಮ್ಮೆ ಇಂಗ್ಲಿಷ್ ಪುಸ್ತಕ ಕೈಯಲ್ಲಿ ಹಿಡಿದುದಕ್ಕೆ ಬೈಗುಳ ಕೇಳಿದ ಸೊಸೆಯ ಮನೆಯಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ, ಮನೆಗೆಲಸ ಮುಗಿಸಿ ಬರುವ ಹೆಂಗಸರು ಸಾಲಾಗಿ ಕುಳಿತು ಗಟ್ಟಿಯಾಗಿ ಪಾಠ ಓದುತ್ತಿದ್ದರು.