ತೂಕ ಇಳಿಸುವ ಹುರುಪು ಮೂರೇ ವಾರಕ್ಕೆ ಆರುವುದೇಕೆ? ಮನೆಮನೆಗೆ ‘ಕ್ಯಾಲೊರಿ’ ಕಲಿಸಿದ ಡಾಕ್ಟರ್ ಲುಲು ಹಂಟ್ ಪೀಟರ್ಸ್ ಕಥೆ

ಏಳು ದಿನ ಜೀರಿಗೆ ನೀರು ಕುಡಿದರೆ ಐದು ಕಿಲೋ ಇಳಿಯುತ್ತದೆ ಎನ್ನುವ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಕಳಿಸಿದವರು ಅಕ್ಕನೋ ಚಿಕ್ಕಮ್ಮನೋ ಆಗಿರುತ್ತಾರೆ, ಹಾಗಾಗಿ ನಂಬುವುದೂ ಸುಲಭ. ಜೊತೆಗೆ ಊಟವನ್ನೂ ಕಡಿಮೆ ಮಾಡಿದರೆ ಮೊದಲ ವಾರ ತೂಕ ಇಳಿಯಲೂಬಹುದು. ಆಗ ಹೋಗುವುದು ಹೆಚ್ಚಾಗಿ ದೇಹದಲ್ಲಿದ್ದ ನೀರು. ಮೂರನೇ ವಾರದ ಹೊತ್ತಿಗೆ ತೂಕದ ಮುಳ್ಳು ನಿಲ್ಲುತ್ತದೆ, ಹುರುಪೂ ನಿಲ್ಲುತ್ತದೆ. ಆಮೇಲೆ ಶುರುವಾಗುವುದು ತನ್ನನ್ನೇ ಬೈದುಕೊಳ್ಳುವ ಕೆಲಸ: ನನಗೆ ಮನಸ್ಸು ಗಟ್ಟಿ ಇಲ್ಲ ಎಂದು.

ನಿಜವಾಗಿಯೂ ಮನಸ್ಸಿನದೇ ತಪ್ಪೇ? ಇದಕ್ಕೆ ಉತ್ತರ ಹುಡುಕುವಾಗ ನಮಗೆ ಸಿಕ್ಕವರು ಅಮೆರಿಕದ ಡಾಕ್ಟರ್ ಲುಲು ಹಂಟ್ ಪೀಟರ್ಸ್. ಅವರು ತೀರಿಕೊಂಡು 90 ವರ್ಷ ದಾಟಿದೆ. ಇಂದು ಬಿಸ್ಕತ್ ಪ್ಯಾಕೆಟ್ ಹಿಂದೆ ನಾವು ಓದುವ ‘ಕ್ಯಾಲೊರಿ’ ಎಂಬ ಪದವನ್ನು ಅಲ್ಲಿನ ಸಾಮಾನ್ಯ ಹೆಂಗಸರ ಮಾತಿಗೆ ತಂದವರು ಅವರು. ಅವರ ಬದುಕನ್ನು ಇಲ್ಲಿ ಹೇಳುತ್ತೇವೆ. ಜೊತೆಗೆ ನಮ್ಮ ಕೆಜಿಎಫ್, ಬಂಗಾರಪೇಟೆಯ ಮನೆಗಳಿಗೆ ಅದರಿಂದ ಏನು ಉಪಯೋಗ ಎಂಬುದನ್ನೂ ನೋಡೋಣ.

ಡಾಕ್ಟರ್ ಆದರೂ ತೂಕ ಬಿಡಲಿಲ್ಲ

ಲುಲು ಹುಟ್ಟಿದ್ದು 1873ರಲ್ಲಿ, ಅಮೆರಿಕದ ಮೇನ್ ರಾಜ್ಯದಲ್ಲಿ. ಮುಂದೆ ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾಕ್ಕೆ ಬಂದು, 1909ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಹೆಣ್ಣುಮಕ್ಕಳು ಡಾಕ್ಟರ್ ಆಗುವುದೇ ಅಪರೂಪವಾಗಿದ್ದ ಕಾಲ ಅದು. ಲಾಸ್ ಏಂಜಲೀಸ್‌ನಲ್ಲಿ ಮಹಿಳಾ ಸಂಘಗಳ ಜೊತೆ ಸೇರಿ ಸಾರ್ವಜನಿಕ ಆರೋಗ್ಯದ ಕೆಲಸ ಮಾಡಿದರು.

ಓದು, ಪದವಿ ಎಲ್ಲ ಇದ್ದರೂ ಅವರಿಗೊಂದು ತೊಂದರೆ ಇತ್ತು. ಚಿಕ್ಕಂದಿನಿಂದಲೂ ದಪ್ಪಗಿದ್ದ ಅವರ ತೂಕ ಒಂದು ಹಂತದಲ್ಲಿ ಸುಮಾರು 100 ಕಿಲೋ ಮುಟ್ಟಿತ್ತು. ಆಹಾರದ ಲೆಕ್ಕ ಹಿಡಿದು ಅದರಲ್ಲಿ 30 ಕಿಲೋಗೂ ಹೆಚ್ಚು ಇಳಿಸಿದರು. ತಾನು ಕಲಿತದ್ದನ್ನು 1918ರಲ್ಲಿ ಪುಸ್ತಕವಾಗಿ ಬರೆದರು. ಚಿತ್ರಗಳನ್ನು ಬಿಡಿಸಿದ್ದು ಅವರ ಮನೆಯದೇ ಪುಟ್ಟ ಹುಡುಗ. ಗೆರೆ ಎಳೆದ ಗೊಂಬೆಗಳಂಥ ಆ ಚಿತ್ರಗಳೂ ಡಾಕ್ಟರಮ್ಮನ ತಮಾಷೆಯ ಮಾತೂ ಸೇರಿ ಪುಸ್ತಕ ಮನೆಮನೆ ತಲುಪಿತು. 1924 ಮತ್ತು 1925ರಲ್ಲಿ ಕಥೆ, ಕಾದಂಬರಿ ಬಿಟ್ಟರೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕ ಅದೇ.

ಮುದ್ದೆಯೂ ಲೆಕ್ಕ, ಎಣ್ಣೆಯೂ ಲೆಕ್ಕ

ಆಹಾರದ ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆಯುವುದು ಆಗಲೇ ವಿಜ್ಞಾನಿಗಳಿಗೆ ಗೊತ್ತಿತ್ತು. ಅಡುಗೆಮನೆಗೆ ಗೊತ್ತಿರಲಿಲ್ಲ. ಪೀಟರ್ಸ್ ಆ ಪದವನ್ನು ಹೇಗೆ ಉಚ್ಚರಿಸಬೇಕು ಎಂಬುದರಿಂದ ಪಾಠ ಶುರು ಮಾಡಿದರು. ಯಾವ ತಿಂಡಿ ಎಷ್ಟು ತಿಂದರೆ 100 ಕ್ಯಾಲೊರಿ ಎಂಬ ಪಟ್ಟಿ ಕೊಟ್ಟರು.

ಅದೇ ಲೆಕ್ಕವನ್ನು ನಮ್ಮ ಕಡೆಯ ಊಟಕ್ಕೆ ಹಾಕಿ ನೋಡಿ. ಸುಮಾರು 30 ಗ್ರಾಂ ರಾಗಿ ಹಿಟ್ಟು 100 ಕ್ಯಾಲೊರಿ. ಒಂದು ಮುದ್ದೆಗೆ 90 ಗ್ರಾಂ ಹಿಟ್ಟು ಹಿಡಿದರೆ ಹತ್ತಿರ ಹತ್ತಿರ 300. ಐದು ಟೀ ಚಮಚ ಸಕ್ಕರೆ 100. ಅಡುಗೆ ಎಣ್ಣೆಯಾದರೆ ದೊಡ್ಡ ಚಮಚ ತುಂಬುವ ಮೊದಲೇ 100. ಸೌತೆಕಾಯಿಯಾದರೆ ಅರ್ಧ ಕಿಲೋ ತಿಂದರೂ 100 ಆಗುವುದಿಲ್ಲ.

ಬಂಗಾರಪೇಟೆಯ ಪಾನಿಪುರಿಯ ನೀರು ತಿಳಿಯಾಗಿರುತ್ತದೆ, ಬಣ್ಣವಿಲ್ಲ, ಅದಕ್ಕೇ ಇದು ತೂಕ ಹೆಚ್ಚಿಸುವುದಿಲ್ಲ ಎಂದು ಕೆಲವರು ಅಂದುಕೊಳ್ಳಬಹುದು. ನೀರಿನ ಮಟ್ಟಿಗೆ ಅದು ಸರಿ. ಶಕ್ತಿ ಇರುವುದು ಎಣ್ಣೆಯಲ್ಲಿ ಕರಿದ ಪುರಿಯಲ್ಲಿ ಮತ್ತು ಒಳಗಿನ ಮಸಾಲೆಯಲ್ಲಿ. ಪಾನಿಪುರಿ ಬಿಡಲೇಬೇಕು ಎಂದೇನೂ ಇದರ ಅರ್ಥವಲ್ಲ. ಲೆಕ್ಕಕ್ಕೆ ಹಿಡಿಯಬೇಕು, ಅಷ್ಟೇ. ಪೀಟರ್ಸ್ ಕೂಡ ಸಿಹಿಯನ್ನು ಪೂರ್ತಿ ಬಿಡಿಸಲಿಲ್ಲ. ಆ ದಿನದ ಲೆಕ್ಕದೊಳಗೆ ಬರಲಿ ಎಂದರು.

ಅವರು ಹೇಳಿದ ಕಹಿ ಸತ್ಯ

ಪೀಟರ್ಸ್ ಏಳು ದಿನದ ಪವಾಡ ಮಾರಲಿಲ್ಲ. ಇಳಿಸಿದ ತೂಕ ಇಳಿದೇ ಇರಬೇಕೆಂದರೆ ಊಟದ ಲೆಕ್ಕ ಜೀವನಪೂರ್ತಿ ಇರಬೇಕು ಎಂದು ಸ್ಪಷ್ಟವಾಗಿ ಹೇಳಿದರು. ತನಗೂ ಅದು ಮುಗಿಯದ ಹೋರಾಟ ಎಂದು ಒಪ್ಪಿಕೊಂಡರು.

ಇದು ಸರಿ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ತೂಕ ಇಳಿದಾಗ ದೇಹ ದಿನಕ್ಕೆ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಹೊಟ್ಟೆ ತುಂಬಿತು ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಇಳಿಯುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. ತೂಕ ಇಳಿಸಿ ಒಂದು ವರ್ಷವಾದ ಮೇಲೂ ಈ ಬದಲಾವಣೆ ಉಳಿದಿದ್ದನ್ನು 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿದೆ. ಅಂದರೆ ಮುಳ್ಳು ನಿಲ್ಲುವುದು ನಿಮ್ಮ ಸೋಮಾರಿತನಕ್ಕಲ್ಲ. ಬರಗಾಲ ಬಂದಿದೆ ಎಂದುಕೊಂಡು ದೇಹ ಉಳಿತಾಯಕ್ಕೆ ಇಳಿದಿರುತ್ತದೆ.

ಹೆಂಗಸರಿಗೆ ಇನ್ನೂ ಒಂದು ಸಂಗತಿ ಸೇರುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿ ದೇಹ ನೀರು ಹಿಡಿದಿಟ್ಟುಕೊಂಡು ತೂಕ ಒಂದೆರಡು ಕಿಲೋ ಹೆಚ್ಚು ತೋರಿಸಬಹುದು. ಪಿಸಿಒಎಸ್, ಥೈರಾಯ್ಡ್ ತೊಂದರೆ, ಬಾಣಂತನ, ಮುಟ್ಟು ನಿಲ್ಲುವ ವಯಸ್ಸು, ಇವೆಲ್ಲ ತೂಕದ ಮೇಲೆ ಪರಿಣಾಮ ಬೀರುತ್ತವೆ.

ಒಬ್ಬಳೇ ಅಲ್ಲ, ಗುಂಪಿನಲ್ಲಿ

1918 ಮೊದಲನೇ ಮಹಾಯುದ್ಧದ ಕೊನೆಯ ವರ್ಷ. ಆಹಾರ ಉಳಿಸಿ ಎಂದು ಸರ್ಕಾರ ಕೇಳುತ್ತಿತ್ತು. ಪೀಟರ್ಸ್ ಹೆಂಗಸರನ್ನು ಸೇರಿಸಿ ತೂಕ ಇಳಿಸುವ ತರಗತಿ ನಡೆಸಿದರು. ಎಲ್ಲರೂ ಒಟ್ಟಿಗೆ ತೂಕ ನೋಡಿಕೊಳ್ಳುವುದು, ಇಳಿಯದಿದ್ದವರು ದಂಡ ಕಟ್ಟುವುದು, ಆ ದುಡ್ಡು ರೆಡ್ ಕ್ರಾಸ್‌ಗೆ. ವಾರದ ಭೇಟಿಯ ಇಂಥ ಗುಂಪುಗಳೇ 1960ರ ದಶಕದಲ್ಲಿ ವೇಟ್ ವಾಚರ್ಸ್ ಎಂಬ ದೊಡ್ಡ ವ್ಯವಹಾರವಾಗಿ ಬೆಳೆದವು.

ಕೆಜಿಎಫ್‌ನಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಎಷ್ಟೋ ಜನ ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಮಾರಿಕುಪ್ಪಂನಲ್ಲಿ ರೈಲು ಹತ್ತಿ ರಾತ್ರಿ ಮನೆ ಸೇರುವ ಹೆಂಗಸಿಗೆ ಜಿಮ್‌ಗೆ ಹೋಗಲು ಹೊತ್ತೆಲ್ಲಿದೆ? ಆದರೆ ದಿನವೂ ಅದೇ ಬೋಗಿಯಲ್ಲಿ ಕೂರುವ ಗೆಳತಿಯರಿದ್ದಾರೆ. ಊರಲ್ಲಿ ವಾರಕ್ಕೊಮ್ಮೆ ಕೂತು ಉಳಿತಾಯದ ಲೆಕ್ಕ ಬರೆಯುವ ಸ್ತ್ರೀಶಕ್ತಿ ಸಂಘಗಳಿವೆ. ಹತ್ತಿಪ್ಪತ್ತು ರೂಪಾಯಿಯನ್ನು ವರ್ಷಗಟ್ಟಲೆ ಬಿಡದೆ ಕಟ್ಟಿದವರಿಗೆ ಮನಸ್ಸು ಗಟ್ಟಿ ಇಲ್ಲ ಎಂದು ಹೇಳುವವರು ಯಾರು? ಅಲ್ಲಿ ಹಣ ಕೂಡಿದ್ದು ಹುರುಪಿನಿಂದಲ್ಲ. ವಾರ ಗೊತ್ತು ಮಾಡಿದ್ದರಿಂದ, ಪುಸ್ತಕದಲ್ಲಿ ಬರೆದಿದ್ದರಿಂದ, ಜೊತೆಯವರು ಕೇಳುತ್ತಿದ್ದರಿಂದ.

ಪೀಟರ್ಸ್ ತಪ್ಪಿದ್ದು ಎಲ್ಲಿ?

ಅವರ ಮಾತನ್ನೆಲ್ಲ ಹಾಗೇ ಒಪ್ಪಬೇಕಿಲ್ಲ. ಯುದ್ಧದ ಕಾಲದಲ್ಲಿ ದಪ್ಪಗಿರುವುದನ್ನು ಆಹಾರ ಬಚ್ಚಿಟ್ಟ ಅಪರಾಧಕ್ಕೆ ಹೋಲಿಸಿದರು. ನಾಚಿಕೆ ಹುಟ್ಟಿಸಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಇಂದಿಗೂ ನಮ್ಮ ಮದುವೆ ಮನೆಗಳಲ್ಲಿ ಇದೆ. ಸಂಶೋಧನೆಗಳು ಹೇಳುವುದು ಉಲ್ಟಾ: ಅವಮಾನ ಅನುಭವಿಸಿದವರು ಹೆಚ್ಚು ತಿನ್ನುವ, ವ್ಯಾಯಾಮದಿಂದ ದೂರ ಸರಿಯುವ ಸಾಧ್ಯತೆಯೇ ಹೆಚ್ಚು.

ಇಳಿಸಬೇಕಾದವರಿಗೆ ದಿನಕ್ಕೆ 1200 ಕ್ಯಾಲೊರಿ ಎಂಬ ಅವರ ಅಂಕಿಯೂ ಎಲ್ಲರಿಗೂ ಹೊಂದುವುದಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಲೇಬಾರದು.

ಕೊನೆಯ ವರ್ಷಗಳು

ಪುಸ್ತಕ ಬಂದ ಮೇಲೆ ಪೀಟರ್ಸ್ ರೆಡ್ ಕ್ರಾಸ್ ಜೊತೆ ಯುದ್ಧದಿಂದ ನಲುಗಿದ್ದ ಬಾಲ್ಕನ್ ದೇಶಗಳಿಗೆ ಸೇವೆಗೆ ಹೋದರು. ವಾಪಸಾದ ಮೇಲೆ 1920ರ ದಶಕದಲ್ಲಿ ಪತ್ರಿಕೆಗಳಿಗೆ ಆರೋಗ್ಯದ ಅಂಕಣ ಬರೆದರು, ಓದುಗರ ಪತ್ರಗಳಿಗೆ ಉತ್ತರ ಕೊಟ್ಟರು. 1930ರಲ್ಲಿ ಲಂಡನ್ನಿಗೆ ಹೋದಾಗ ನ್ಯುಮೋನಿಯಾದಿಂದ ತೀರಿಕೊಂಡರು. ಪುಸ್ತಕ ಆಮೇಲೂ ಮಾರಾಟವಾಗುತ್ತಲೇ ಇತ್ತು.

ನಾವು ಏನು ಮಾಡಬಹುದು?

✔ ಗುರಿ ಸಣ್ಣದಿರಲಿ. 80 ಕಿಲೋ ಇರುವವರು 4ರಿಂದ 8 ಕಿಲೋ ಇಳಿಸಿದರೂ ಸಕ್ಕರೆ, ರಕ್ತದೊತ್ತಡಕ್ಕೆ ಒಳ್ಳೆಯದು.

✔ ವಾರಕ್ಕೊಂದೇ ದಿನ, ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಈ ವಾರವನ್ನು ಕಳೆದ ತಿಂಗಳ ಇದೇ ವಾರದ ಜೊತೆ ಹೋಲಿಸಿ.

✔ ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ನೋಡಿ. ಭಾರತೀಯ ಮಹಿಳೆಯರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು.

✔ ತಿಂಗಳಿಗೊಂದೇ ಬದಲಾವಣೆ. ಮೊದಲು ಟೀ ಸಕ್ಕರೆ, ಆಮೇಲೆ ಎಣ್ಣೆ, ಆಮೇಲೆ ನಡಿಗೆ.

✔ ಒಬ್ಬ ಗೆಳತಿಯನ್ನಾದರೂ ಜೊತೆ ಮಾಡಿಕೊಳ್ಳಿ. ತೂಕ ಏರಿದ ವಾರವೂ ಅವರಿಗೆ ಹೇಳಿ.

✔ ಮದುವೆ, ಹಬ್ಬದಲ್ಲಿ ಲೆಕ್ಕ ತಪ್ಪಿದರೆ ಮರುದಿನ ಉಪವಾಸ ಬೇಡ. ಎಂದಿನ ಊಟಕ್ಕೆ ಮರಳಿ.

ಜೀರಿಗೆ ನೀರು ಕುಡಿಯುವುದರಿಂದ ತೊಂದರೆ ಏನಿಲ್ಲ, ಆದರೆ ಅದು ಕೊಬ್ಬು ಕರಗಿಸುವ ಮದ್ದಲ್ಲ. ಮುಂದಿನ ಸಲ ಏಳು ದಿನದ ಫಾರ್ವರ್ಡ್ ಬಂದಾಗ ಕಳಿಸಿದ ಅಕ್ಕನಿಗೆ ಈ ಲೇಖನ ಕಳಿಸಿ. ಜೊತೆಗೆ, ಭಾನುವಾರ ಇಬ್ಬರೂ ತೂಕ ನೋಡೋಣ ಬಾ ಎಂದು ಒಂದು ಸಾಲು ಬರೆಯಿರಿ.